ಒಂದೇ ನಂಬರಿನ ಎರಡು ಗಿಣಿ

ಮಾರ್ಚ್ 3, ಭಾನುವಾರ

ಗಿಣಿ ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಂಟೊಂಬತ್ತು ವರ್ಷ ನಮ್ಮನ್ನು ಹುರಿದು ಮುಕ್ಕಿದ ಕಾರು ಕೀಲಿ ತಿರುಗಿಸಿದ ಕೂಡಲೇ ಸಾಧುಪ್ರಾಣಿಯ ಹಾಗೆ ಗುರ್ ಎಂದಿತು. ಇವರು ಕೈಯಲ್ಲಿದ್ದ ಎಣ್ಣೆಬಟ್ಟೆ ಕೆಳಗೆ ಹಾಕಿ ನನ್ನ ಮುಖವನ್ನೇ ನೋಡಿದರು. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ ಮಹಾನುಭಾವರು.

ಅಪ್ಪ ಕುರ್ಚಿಯಿಂದ ಎದ್ದು ಬಂದು, ಹಸುವಿನ ಬೆನ್ನು ಸವರುವ ಹಾಗೆ ಮೂತಿಯಿಂದ ಬಾಲದವರೆಗೆ ಇಡೀ ಕಾರನ್ನು ಸವರಿದ. "ಹಿಂದಿನ ಎಡಗಡೆ ಮಡ್‌ಗಾರ್ಡು ಸ್ವಲ್ಪ ಉಬ್ಬಿದೆ ಅಳಿಯಂದಿರೇ" ಎಂದ. ಇವರು "ಹೌದು ಮಾವ" ಎಂದು ತಲೆ ತಗ್ಗಿಸಿದರು. ಇಷ್ಟು ವರ್ಷ ತಗಡು ಬಡಿದ ಟಿಂಕರಿಗೆ ಸಿಕ್ಕ ಬಹುಮಾನ ಅದು. ನಾನು ಹೊಲಿದ ಸೀಟಿನ ಬಗ್ಗೆಯಂತೂ ತುಟಿಪಿಟಕ್ಕೆನ್ನಲಿಲ್ಲ. ಊರವರ ಕಾರಿಗೆಲ್ಲ ಸೀಟು ಹೊಲಿದು ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಹೆತ್ತಪ್ಪನ ಬಾಯಿಂದ ಒಂದು ಮಾತು ಬರಬಾರದೇ?

ಇರಲಿ. ಬರೆದಿಡಬೇಕು ಅನಿಸಿತು, ಅದಕ್ಕೇ ಈ ಪುಸ್ತಕ ತೆಗೆದೆ. ಅಪ್ಪ ಪ್ರಾಯದಲ್ಲಿ ಈ ಇಂಗ್ಲೆಂಡಿನ ಎರಡು ಸೀಟಿನ ಕಾರನ್ನು ಊರಾಚೆಯ ಹಳೇ ವಿಮಾನದ ಬಯಲಿನಲ್ಲಿ ರೇಸಿಗೆ ಬಿಡುತ್ತಿದ್ದ. ಮೈಯೆಲ್ಲ ಹಸಿರು, ಮೂಗು ಮಾತ್ರ ಕೆಂಪು, ಅದಕ್ಕೇ ಗಿಣಿ. ಒಮ್ಮೆ ಪಲ್ಟಿ ಹೊಡೆದು ಮುರಿದ ಮೇಲೆ ನಮ್ಮ ಶೆಡ್ಡಿನ ಮೂಲೆ ಸೇರಿತು. ಬರುವ ತಿಂಗಳು ಹದಿನಾಲ್ಕಕ್ಕೆ ರೇಸ್ ಸಂಘದವರು ಅದೇ ಬಯಲಿನಲ್ಲಿ ನೆನಪಿನ ಓಟ ಇಟ್ಟಿದ್ದಾರೆ. ಆ ಕಾಲದಲ್ಲಿ ಅಲ್ಲಿ ಓಡಿದ ಕಾರುಗಳಿಗೆ ಮಾತ್ರ ಪ್ರವೇಶ. ಅಪ್ಪನಿಗೆ ಎಂಬತ್ತೊಂದು. ಮುಂದಿನ ಓಟ ಯಾವಾಗಲೋ, ಆಗ ಯಾರಿರುತ್ತಾರೋ. ಒಂದೇ ಒಂದು ಸಲ ಅವನು ಅವನ ಕಾರನ್ನು ಅವನ ಜಾಗದಲ್ಲಿ ಓಡಿಸಬೇಕು. ನಾನು ಸೂಜಿ ಹಿಡಿದು ಕೂತದ್ದು ಅದಕ್ಕೆ, ಇನ್ಯಾವುದಕ್ಕೂ ಅಲ್ಲ.

ಮಾರ್ಚ್ 5

ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. ಬೆಣ್ಣೆಯಂಥ ಮಾತು.

"ಮೇಡಂ, ಒಂದು ಸಣ್ಣ ತೊಡಕು. ನಿಮ್ಮ ಕಾರಿನ ನಂಬರಿನದೇ ಇನ್ನೊಂದು ಕಾರು ಬಂದಿದೆ."

"ಅದು ಹ್ಯಾಗೆ ಸಾಧ್ಯ ಸಾರ್? ಕಾರ್ಖಾನೇಲಿ ಒಂದು ಕಾರಿಗೆ ಒಂದೇ ನಂಬರು."

"ಅದೇ ನಮಗೂ ಆಶ್ಚರ್ಯ. ಒಂದು ನಂಬರಿಗೆ ಒಂದು ಕಾರನ್ನೇ ಬಿಡೋಕಾಗೋದು. ನೀವೂ ಅವರೂ ಮಾತಾಡ್ಕೊಂಡು ತೀರ್ಮಾನ ಮಾಡಿ. ಇಲ್ಲ ಅಂದ್ರೆ ಎರಡೂ ಬೇಡ."

ಎರಡೂ ಬೇಡವಂತೆ! ಶೆಡ್ಡಿಗೆ ಓಡಿಹೋಗಿ ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿನ ಹಿಂದಿನ ತಗಡಿಗೆ ಬಡಿದಿರುವ ಹಿತ್ತಾಳೆ ಬಿಲ್ಲೆ ಅಲ್ಲೇ ಇದೆ, ನಂಬರೂ ಇದೆ. ಹಾಗಾದರೆ ಆ ಕಳ್ಳನ ಹತ್ತಿರ ಇರುವುದು ಏನು? ತಲೆ ಚಿಟ್ಟು ಹಿಡಿದುಹೋಯಿತು. ಒಂದು ಸ್ಕೂಲ್ ವ್ಯಾನಿನ ಸೀಟಿಗೆ ತಿರುವುಮುರುವು ಹೊಲಿಗೆ ಹಾಕಿ ಪೂರಾ ಬಿಚ್ಚಬೇಕಾಯಿತು.

ಮಾರ್ಚ್ 6

ಚಾಸಿ. ಎಲ್ಲ ಆ ದರಿದ್ರ ಚಾಸಿಯದೇ ಕಿತಾಪತಿ.

ಕಾರ್ಖಾನೆಯವರು ನಂಬರನ್ನು ಎರಡು ಕಡೆ ಹಾಕುತ್ತಿದ್ದರಂತೆ. ಬಿಲ್ಲೆಯ ಮೇಲೆ ಒಂದು, ಕಾರಿನ ಬೆನ್ನೆಲುಬಿನಂತಿರುವ ಕಬ್ಬಿಣದ ಚಾಸಿಯ ಮೇಲೆ ಒಂದು. ಕಾರು ಪಲ್ಟಿಯಾದಾಗ ಚಾಸಿ ಸೊಟ್ಟಗಾಯಿತು. ಇವರು ಗಿಣಿಯನ್ನು ಎಬ್ಬಿಸಲು ಕೂತಾಗ ಅಳತೆ ಹಿಡಿದು ಹೊಸ ಚಾಸಿಯನ್ನೇ ಕಟ್ಟಿದರು. ಹಳೆಯದು ಎಲ್ಲಿ ಹೋಯಿತು ಎಂದು ನಾವು ಯಾರೂ ಕೇಳಿರಲಿಲ್ಲ. ಗುಜರಿಗೆ ಹೋಗಿರಬೇಕು ಅಂದುಕೊಂಡಿದ್ದೆವು.

ಅಪ್ಪನನ್ನು ಕೇಳಿದೆ. ಚಹಾ ಬಗ್ಗಿಸಿಕೊಳ್ಳುತ್ತ ಕೂತಿದ್ದ. ಈಚೆಗೊಂದು ಹೊಸ ಅಭ್ಯಾಸ, ಲೋಟದೊಳಗೆ ಬೆರಳಿಟ್ಟುಕೊಂಡು ಬಗ್ಗಿಸುತ್ತಾನೆ. ಬೆರಳು ಸುಡುವುದಿಲ್ಲವೇನಪ್ಪ ಅಂದರೆ ಬಿಸಿ ಎಷ್ಟಿದೆ ನೋಡ್ತಿದೀನಿ ಅನ್ನುತ್ತಾನೆ.

"ಚಾಸಿನಾ? ಅದನ್ನ ನಮ್ಮ ಮೇಸ್ತ್ರಿಗೆ ಕೊಟ್ಟೆನಲ್ಲ. ಶೆಡ್ಡಿನ ಮಾಡಿಗೆ ತೊಲೆ ಬೇಕು ಅಂದ. ತಗೊಂಡು ಹೋಗಯ್ಯ ಅಂದೆ."

ಮೇಸ್ತ್ರಿ ಎಂದರೆ ಆ ಕಾಲದಲ್ಲಿ ಅಪ್ಪನ ಕಾರನ್ನು ರೇಸಿಗೆ ಸಜ್ಜು ಮಾಡುತ್ತಿದ್ದ ಮೆಕ್ಯಾನಿಕ್. ಅವರು ತೀರಿಹೋಗಿ ಬಹಳ ಕಾಲವಾಯಿತು. ಸಂಘದವರು ಹೇಳಿದ ಆ ಇನ್ನೊಂದು ಕಾರು ಅವರ ಮಗನದಂತೆ. ಅವನೇ ಈಗ ಆ ತೊಲೆಯನ್ನು ಇಳಿಸಿ, ಸೊಟ್ಟ ತೆಗೆದು, ಅದರ ಮೇಲೆ ಒಂದಿಡೀ ಕಾರು ಕಟ್ಟಿ ನಿಲ್ಲಿಸಿದ್ದಾನೆ! ನಮ್ಮ ಗಿಣಿಯ ಬೆನ್ನುಮೂಳೆ ಯಾರದೋ ಮನೆಯ ಮಾಡು ಹೊತ್ತುಕೊಂಡಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರ್ಚ್ 10, ಭಾನುವಾರ

ಅಪ್ಪ, ಇವರು ಇಬ್ಬರೂ ಆ ಕಳ್ಳನ ಕಾರು ನೋಡಿ ಬಂದರು. ನಾನು ಹೋಗಲಿಲ್ಲ. ನನ್ನ ಕಾಲಿನ ಧೂಳೂ ಅಲ್ಲಿ ಬೀಳುವುದಿಲ್ಲ.

ವೈರಿಯ ಮನೆಗೆ ಹೋದವರು ಮುಖ ಗಂಟು ಹಾಕಿಕೊಂಡು ಬರಬೇಕಲ್ಲ? ಇವರು ಮದುವೆ ಊಟ ಮುಗಿಸಿದವರ ಹಾಗೆ ಬಂದರು. "ಬೆಸುಗೆ ನೋಡಬೇಕು ಕಣೇ, ಬೆರಳಾಡಿಸಿದ್ರೆ ಗೊತ್ತಾಗಲ್ಲ" ಎಂದು ಇವರು. ಹುಡುಗ ಒಳ್ಳೆಯವನು ಎಂದು ಅಪ್ಪ. ಐವತ್ತು ದಾಟಿದ ಹುಡುಗನಂತೆ!

"ನಮ್ಮ ಕಾರಿನ ಹಾಗೇ ಇದೆಯೇನಪ್ಪ?"

"ಹಾಗೇ ಇದೆ. ಹಸಿರು ಚೆನ್ನಾಗಿ ಬಂದಿದೆ" ಎಂದ ಅಪ್ಪ. ಇವರು ಯಾಕೋ ಕೆಮ್ಮಿ ಒಳಗೆ ಹೋದರು.

ಬಣ್ಣವನ್ನೂ ಕದ್ದನಲ್ಲ ಮನೆಹಾಳ! ಆ ಹಸಿರಿಗಾಗಿ ನಾವು ಎಷ್ಟು ಡಬ್ಬಿ ಕಲಸಿದ್ದೇವೆ ಎಂದು ನನಗೆ ಗೊತ್ತು. ಇವರ ಜೊತೆ ಮಾತು ಬಿಟ್ಟಿದ್ದೇನೆ. ಬೆಸುಗೆಯ ಜೊತೆಗೇ ಸಂಸಾರ ಮಾಡಲಿ.

ಮಾರ್ಚ್ 12

ಕಳ್ಳ ಖುದ್ದಾಗಿ ನಮ್ಮ ಶೆಡ್ಡಿಗೆ ಬಂದಿದ್ದ. ಕಳ್ಳನ ಹಾಗೆ ಕಾಣುವುದಿಲ್ಲ, ಅದೇ ಕಷ್ಟ. ದಪ್ಪ ಕನ್ನಡಕ, ಅಂಗಿಯ ಜೇಬಿನಲ್ಲಿ ಸ್ಪ್ಯಾನರು. ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಶೆಡ್ಡಿಗೆ ಯಾರಾದರೂ ಚಪ್ಪಲಿ ಬಿಟ್ಟು ಬರುತ್ತಾರೆಯೇ? ನೆಲದ ಮೇಲೆಲ್ಲ ತಗಡಿನ ಚೂರು. ಹಾಕ್ಕೊಳ್ಳಿ ಎಂದು ಗದರಿಸಿದೆ, ಹಾಕಿಕೊಂಡ.

"ಮೇಡಂ, ನನಗೆ ಜಗಳ ಬೇಡ. ನಮ್ಮಪ್ಪ ಸಾಯೋವರೆಗೂ ಆ ತೊಲೆ ತೋರಿಸಿ ಇದು ಗಿಣಿ, ಇದು ಗಿಣಿ ಅಂತಿದ್ರು. ಅದಕ್ಕೇ ಕಟ್ಟಿದೆ."

"ತೊಲೆ ನಿಮ್ಮದು. ಗಿಣಿ ನಮ್ಮದು" ಎಂದೆ.

"ನಿಮ್ಮದರಲ್ಲೂ ಮೈ ಎಲ್ಲ ಹಳೇದಲ್ವಲ್ಲ ಮೇಡಂ?"

ಬಾಗಿಲು ಇವರು ಬಡಿದದ್ದು, ನೆಲದ ತಗಡು ಹೊಸದು, ಮೇಲಿನ ಬಟ್ಟೆಯ ಹುಡ್ಡು ನಾನು ಹೊಲಿದದ್ದು. ಹಳೆಯದು ಎಂದರೆ ಎಂಜಿನ್ನು, ಬಾನೆಟ್ಟು, ಬಿಲ್ಲೆ. ಅವನು ಹೋದ ಮೇಲೆ ಕಾರಿನ ಸುತ್ತ ಸುಮ್ಮನೆ ತಿರುಗಿದೆ. ಯಾವ ತುಂಡಿನಲ್ಲಿ ಇದೆ ಗಿಣಿ? ಎಂಜಿನ್ನಿನಲ್ಲಿ ಎಂದರೆ, ಅದರೊಳಗಿನ ಪಿಸ್ಟನ್ನೂ ಬದಲಾಯಿಸಿದ್ದೇವೆ. ಹೀಗೆ ಕೇಳುತ್ತ ಹೋದರೆ ಈರುಳ್ಳಿ ಸುಲಿದಂತೆ, ಕೈಗೆ ಸಿಕ್ಕುವುದು ಕಣ್ಣೀರು ಮಾತ್ರ.

ಮಾರ್ಚ್ 17, ಭಾನುವಾರ

ಕೊನೆಗೆ ಅಪ್ಪನನ್ನೇ ಹಿಡಿದು ಕೂರಿಸಿದೆ. ಓಡಿಸಿದವನು ಅವನು, ತೀರ್ಪೂ ಅವನೇ ಕೊಡಲಿ.

"ನೇರ ಹೇಳಪ್ಪ. ಎರಡನ್ನೂ ನೋಡಿದೀಯ. ಯಾವುದು ನಿನ್ನ ಕಾರು?"

"ಎರಡೂ ನಂದೇ."

"ಹಾಗಂದ್ರೆ ಎರಡೂ ಓಡಲ್ಲ. ಒಂದು ಹೇಳು."

"ನೋಡಿ ಹೇಳೋಕಾಗಲ್ಲ ಮಗಳೇ" ಎಂದು ಎದ್ದುಹೋದ. ಹೋಗುವಾಗ ಬಾಗಿಲ ಪಟ್ಟಿಗೆ ಭುಜ ತಗುಲಿಸಿಕೊಂಡ. ಹಟಮಾರಿ. ಕಟುಕನಿಗೂ ಬೇಸರವಾಗಬಾರದು, ಕುರಿಗೂ ಬೇಸರವಾಗಬಾರದು ಎನ್ನುವ ಜಾತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ; ಈ ಮನೆಯಲ್ಲಿ ಇಬ್ಬರು ಗಂಡಸರೂ ಕೋಣಗಳೇ.

ಮಾರ್ಚ್ 22

ಸಂಘದಿಂದ ಪರೀಕ್ಷಕರು ಬಂದಿದ್ದರು. ಬೆಳಿಗ್ಗೆ ಅವನ ಕಾರು, ಮಧ್ಯಾಹ್ನ ನಮ್ಮದು. ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದರು, ಎದ್ದರು, ಕೈ ಒರೆಸಿಕೊಂಡರು. ನಾನು ಚಹಾ ಕೊಟ್ಟೆ. ಕುಡಿಯದೇ ಹೇಳಿದರು.

"ಕೆಲಸ ಅದ್ಭುತ. ಆದ್ರೆ ಸಂಘದ ನಿಯಮದಲ್ಲಿ ಚಾಸಿ ಎಲ್ಲಿದೆಯೋ ಕಾರು ಅಲ್ಲಿದೆ. ಅವರದ್ದೇ ಅಸಲಿ. ನಿಮ್ಮದನ್ನ ಪ್ರತಿ ಅಂತ ಬರೀಬೇಕಾಗುತ್ತೆ."

ಪ್ರತಿ. ಜೆರಾಕ್ಸ್ ಅಂಗಡಿಯಲ್ಲಿ ತೆಗೆದ ಹಾಗೆ.

ಇವರು ಗಿಣಿಗೆ ಹೊದಿಕೆ ಹೊದಿಸಿದರು. ನಿದ್ದೆ ಹೋದ ಮಗುವಿಗೆ ಹೊದಿಸುವಂತೆ ಮೂಲೆಗಳನ್ನೆಲ್ಲ ಒಳಗೆ ಸೇರಿಸಿದರು. ಅದನ್ನು ನೋಡಿ ನನಗೆ ಅಳು ಬಂತು. ಹನ್ನೆರಡು ದಿನದ ಮೇಲೆ ಇವರ ಜೊತೆ ಮಾತಾಡಿದೆ. ಊಟಕ್ಕೆ ಬನ್ನಿ ಅಂದೆ ಅಷ್ಟೆ.

ಮಾರ್ಚ್ 23

ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ 27

ಕನ್ನಡಕದವನು ಫೋನ್ ಮಾಡಿದ್ದ. ಅವನ ಕಾರಿನಲ್ಲೇ ಅಪ್ಪ ಓಟಕ್ಕೆ ಬರಲಿ, ಹಾಗೆಂದು ಸಂಘಕ್ಕೂ ಹೇಳಿದ್ದೇನೆ ಎಂದ.

"ಬೇಕಾಗಿಲ್ಲ. ಯಾರದೋ ಕಾರು ಎರವಲು ತಗೊಂಡು ಓಡಿಸೋ ಗತಿ ನಮ್ಮಪ್ಪನಿಗೆ ಬಂದಿಲ್ಲ" ಎಂದು ಇಟ್ಟುಬಿಟ್ಟೆ.

ಇಟ್ಟ ಮೇಲೆ ಹೊಳೆಯಿತು. ಓಟಕ್ಕೆ ಉಳಿದಿರುವುದು ಎರಡೂವರೆ ವಾರ. ಅಪ್ಪ ಅಲ್ಲಿ ಓಡಿಸಬೇಕು ಎನ್ನುವುದು ನನ್ನ ಆಸೆ. ಈಗ ಓಡಿಸುವ ದಾರಿ ಇದೊಂದೇ. ಅದಕ್ಕೆ ಅಡ್ಡ ನಿಂತವಳೂ ನಾನೇ. ಹಾಗಾದರೆ ನನಗೆ ಬೇಕಿದ್ದುದು ಏನು, ಅಪ್ಪ ಓಡಿಸುವುದೋ, ಅಪ್ಪ ನಮ್ಮ ಕಾರು ಓಡಿಸುವುದೋ? ಇವರನ್ನು ಕೇಳಿದೆ. "ನೀನು ಒಂದ್ಸಲ ಹೋಗಿ ಆ ಕಾರು ನೋಡ್ಕೊಂಡು ಬಾ" ಎಂದರು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಇವರ ಗಂಟೇನು ಹೋಗುತ್ತದೋ.

ಮಾರ್ಚ್ 29

ಹೋಗಿದ್ದೆ.

ಅಂಗಡಿಯ ವ್ಯಾನಿನಲ್ಲಿ ಒಬ್ಬಳೇ ಹೋದೆ. ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋಗಿದ್ದೆ. ಇಕ್ಕಟ್ಟಿನ ಶೆಡ್ಡು, ಮಾಡಿಗೆ ಈಗ ಹೊಸ ತೊಲೆ. ಅದರ ಕೆಳಗೆ ಕಾರು ನಿಂತಿತ್ತು. ನಾನು ಬಾಗಿಲಲ್ಲೇ ನಿಂತೆ.

ಕಾರು ಹಸಿರಾಗಿರಲಿಲ್ಲ. ಮೂತಿಯಿಂದ ಬಾಲದವರೆಗೆ ಇಟ್ಟಿಗೆಯಂಥ ಕೆಂಪು ಪ್ರೈಮರು. ಬಣ್ಣ ಹೊಡೆಯುವ ಮೊದಲು ಬಳಿಯುವ ತಳದ ಬಣ್ಣ ಅದು. ಒಂದು ತೊಟ್ಟು ಹಸಿರು ಎಲ್ಲೂ ಇಲ್ಲ.

"ನಮ್ಮಪ್ಪ ಬಂದಾಗ ಬೇರೆ ಬಣ್ಣ ಇತ್ತಾ?" ಎಂದೆ.

"ಇಲ್ಲ ಅಕ್ಕ, ಹೀಗೇ ಇತ್ತು" ಎಂದ. ಆಮೇಲೆ ನನ್ನ ಮುಖ ನೋಡಿ, ಕನ್ನಡಕ ತೆಗೆದು ಒರೆಸುತ್ತ ನಿಂತ. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಅವರು ಹಸಿರು ಚೆನ್ನಾಗಿದೆ ಅಂದ್ರು. ನಾನು ಹೌದು ಸಾರ್ ಅಂದೆ. ಇನ್ನೇನು ಹೇಳಲಿ?"

ಅಲ್ಲೇ ಇದ್ದ ಟಯರಿನ ಮೇಲೆ ಕೂತುಬಿಟ್ಟೆ. ಲೋಟದೊಳಗಿನ ಬೆರಳು. ಬಾಗಿಲಿಗೆ ತಗುಲುವ ಭುಜ. ನೋಡಿ ಹೇಳೋಕಾಗಲ್ಲ ಮಗಳೇ. ಅಯ್ಯೋ, ನೇರ ನೇರವೇ ಹೇಳಿದ್ದನಲ್ಲ! ದಿನಾ ಎದುರಿಗೆ ಓಡಾಡುವವಳಿಗೆ ಕಾಣಲಿಲ್ಲ, ಒಂದು ಗಳಿಗೆ ನೋಡಿದವನಿಗೆ ಕಂಡಿತು. ನಮ್ಮಿಬ್ಬರಲ್ಲಿ ಕಣ್ಣು ಹೋಗಿರುವುದು ಯಾರಿಗೆ?

ಅವನು ಒಂದು ಲೋಟ ನೀರು ತಂದುಕೊಟ್ಟ. ಬೈಗುಳ ಒಂದೂ ನೆನಪಾಗಲಿಲ್ಲ.

ಮಾರ್ಚ್ 30

ಇವರಿಗೆ ಆರು ತಿಂಗಳಿಂದ ಗೊತ್ತಂತೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೇ ಇವರು. ಪೂರ್ತಿ ಕತ್ತಲಲ್ಲವಂತೆ, ಬೆಳಕು, ನೆರಳು ಗೊತ್ತಾಗುತ್ತದೆ, ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ. ಯಾರು ಎಂದು ಗೊತ್ತಾಗುವುದಿಲ್ಲ. ಇನ್ನು ಮಾಡುವುದಕ್ಕೆ ಏನೂ ಇಲ್ಲವಂತೆ.

"ಮಾವ ಆಣೆ ಹಾಕಿಸ್ಕೊಂಡ್ರು ಕಣೇ. ಅವಳು ಕಾರು ಮುಗಿಸ್ಲಿ, ಆಮೇಲೆ ಹೇಳು ಅಂದ್ರು."

"ಕುರುಡು ಕಣ್ಣಲ್ಲಿ ಓಡಿಸ್ತಾನೆ ಅಂತ ಗೊತ್ತಿದ್ದೂ ಸುಮ್ಮನಿದ್ರೇನ್ರೀ?"

"ಓಟದ ಹೊತ್ತಿಗೆ ಅವರೇ ಬೇಡ ಅಂತಾರೆ ಅಂದ್ಕೊಂಡಿದ್ದೆ."

ಅಪ್ಪನನ್ನು ಅಷ್ಟು ವರ್ಷದಿಂದ ಕಂಡೂ ಇವರು ಹಾಗೆ ಅಂದುಕೊಂಡರಲ್ಲ, ಇದಕ್ಕೇನು ಹೇಳುವುದು.

ಮಾರ್ಚ್ 31, ಭಾನುವಾರ

ಹೇಳಿಬಿಟ್ಟೆ. "ಅಪ್ಪ, ನೀನು ಓಡಿಸೋ ಹಾಗಿಲ್ಲ."

ಅವನಿಗೆ ಎಲ್ಲ ಗೊತ್ತಾಯಿತು. ಯಾರು ಹೇಳಿದರು ಎಂದೂ ಕೇಳಲಿಲ್ಲ. "ಆ ದಾರಿ ನನ್ನ ಕೈಗೆ ಗೊತ್ತು ಕಣೇ. ಕಣ್ಣು ಬೇಕಾಗಿಲ್ಲ."

"ದಾರೀಲಿ ಯಾರಾದ್ರೂ ನಿಂತಿದ್ರೆ? ಅವರೂ ನಿನ್ನ ಕೈಗೆ ಗೊತ್ತಾ?"

"ಒಂದು ಸಲ. ನಿಧಾನಕ್ಕೆ."

"ಇಲ್ಲ ಅಂದ್ರೆ ಇಲ್ಲ."

ನಾನು ಚಿಕ್ಕವಳಿದ್ದಾಗ ಇದೇ ದನಿಯಲ್ಲಿ ಅವನು ನನಗೆ ಇಲ್ಲ ಅನ್ನುತ್ತಿದ್ದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನೇ ಕೊಡಿಸುತ್ತೇನೆಂದು ಇಷ್ಟು ವರ್ಷ ಹೊಲಿದದ್ದನ್ನು ನಾನೇ ಕಿತ್ತುಕೊಂಡೆ. ಸರಿ ಮಾಡಿದೆ ಎಂದು ಗೊತ್ತು. ಆದರೂ ಅಡುಗೆಮನೆಯಲ್ಲಿ ನಿಂತು ಕೆಟ್ಟದಾಗಿ ಅತ್ತೆ.

ಏಪ್ರಿಲ್ 2

ಮಾತಿಲ್ಲ.

ಏಪ್ರಿಲ್ 3

ಇವತ್ತೂ ಇಲ್ಲ. ಲೋಟ ಕೈಗೆ ಕೊಟ್ಟರೆ ಮೇಜಿನ ಮೇಲಿಡು ಅನ್ನುತ್ತಾನೆ. ಅದನ್ನು ಮಾತು ಎಂದು ಲೆಕ್ಕ ಹಾಕಬೇಕೋ ಏನೋ.

ಏಪ್ರಿಲ್ 5

ಸಾಕಾಯಿತು. ಅಪ್ಪನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮೇಸ್ತ್ರಿಯ ಮಗನ ಶೆಡ್ಡಿಗೆ ಹೋದೆ. ಓಡಿಸದಿದ್ದರೆ ಬೇಡ, ಪಕ್ಕದಲ್ಲಿ ಕೂತಾದರೂ ಬರಲಿ. ಅದಕ್ಕೆ ಮೊದಲು ಆ ಕಾರಿನಲ್ಲಿ ಅವನಿಗೆ ಕೂರಲು ಆಗುತ್ತದೋ ಇಲ್ಲವೋ ನೋಡಬೇಕಿತ್ತು.

ಅಪ್ಪ ಬಾಗಿಲ ಅಂಚು ಹಿಡಿದು ಒಳಗೆ ಇಳಿದ. ಕೈಯನ್ನು ಸೀಟಿನ ಕೆಳಕ್ಕೆ ಇಳಿಬಿಟ್ಟು ಚಾಸಿಯ ಕಬ್ಬಿಣ ಮುಟ್ಟಿದ. ಅದರುದ್ದಕ್ಕೂ ಬೆರಳಾಡಿಸಿದ. ಆಮೇಲೆ "ಸ್ಟಾರ್ಟ್ ಮಾಡಪ್ಪ" ಎಂದ. ಅವನು ಸ್ಟಾರ್ಟ್ ಮಾಡಿದ. ಅಪ್ಪನ ಮುಖ ಹುಳಿ ಕಚ್ಚಿದಂತಾಯಿತು.

"ಇದು ಯಾರ ಕೆಮ್ಮು?"

ಮೇಸ್ತ್ರಿಯ ಮಗ ತಲೆ ಕೆರೆದುಕೊಂಡ. ಎಂಜಿನ್ನು ಅದೇ ಕಂಪನಿಯದಾದರೂ ಬೇರೊಂದು ಮಾಡೆಲ್ಲಿನದು, ಎಲ್ಲೋ ಸಿಕ್ಕಿದ್ದನ್ನು ಹಾಕಿದ್ದಾನೆ. ಅಪ್ಪ ಕೈ ಆಡಿಸಿ ಬಂದ್ ಮಾಡಿಸಿದ. "ಮೈ ಸರಿಯಾಗಿದೆ. ಗಂಟಲು ಬೇರೆಯವರದ್ದು" ಎಂದ.

ವಾಪಸು ಬರುವಾಗ ವ್ಯಾನಿನಲ್ಲಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ಗಂಟಲು ನಮ್ಮ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದೆ. ಎರಡು ಕಾರು, ಎರಡೂ ಅರ್ಧ. ನನಗೆ ಬೇಡ ಈ ರಗಳೆ, ತಗೊಂಡು ಹೋಗಲಿ! ಮನೆಗೆ ಬಂದವಳೇ ಇವರಿಗೆ ಹೇಳಿದೆ, ಎಂಜಿನ್ನು ಎತ್ತುವ ಚೈನ್ ರಾಟೆ ಇಳಿಸಿ ಎಂದು. ಇವರು ಯಾಕೆ ಎನ್ನಲಿಲ್ಲ. ರಾಟೆಗೆ ಎಣ್ಣೆ ಆಗಲೇ ಹಾಕಿಟ್ಟಿದ್ದರು.

ಏಪ್ರಿಲ್ 6

ಎಂಜಿನ್ನು ಹೊರಗೆ ಬಂತು. ರಾಟೆಯ ಸರಪಳಿಯಲ್ಲಿ ತೂಗಾಡುವಾಗ ಎಷ್ಟು ಚಿಕ್ಕದಾಗಿ ಕಾಣುತ್ತದೆ. ನಾನು ಒಂದು ಕಡೆ ಹಿಡಿದಿದ್ದೆ, ಮೇಸ್ತ್ರಿಯ ಮಗ ಇನ್ನೊಂದು ಕಡೆ. "ಅಕ್ಕ, ಇನ್ನೊಂದು ಸಲ ಯೋಚನೆ ಮಾಡಿ" ಎಂದ. "ಯೋಚನೆ ಮಾಡಿದ್ರೆ ಕೊಡಲ್ಲ, ಬೇಗ ತಳ್ಳು" ಎಂದೆ.

ಗಿಣಿಯ ಬಾನೆಟ್ಟಿನ ಕೆಳಗೆ ಈಗ ದೊಡ್ಡ ಹೊಂಡ. ಹಲ್ಲು ಕಿತ್ತ ಬಾಯಿಯ ಹಾಗಿದೆ. ನೋಡಲು ಹೋಗಬಾರದು ಎಂದುಕೊಂಡು ನಾಲ್ಕು ಸಲ ಹೋಗಿ ನೋಡಿದೆ.

ಏಪ್ರಿಲ್ 9

ಸೀಟನ್ನೂ ಬಿಚ್ಚಿದೆ. ಅಪ್ಪನ ಬೆನ್ನಿಗೆ ಅಳತೆ ಹಿಡಿದು ಹೊಲಿದದ್ದು, ಇನ್ನು ಯಾರ ಬೆನ್ನಿಗೆ ಆಗಬೇಕು? ಆ ಕಾರಿನ ಸೀಟು ಹಲಗೆಯಂತಿದೆ. ಅಕ್ಕ ಅಕ್ಕ ಅನ್ನುವ ಮೇಸ್ತ್ರಿಯ ಮಗ ಈಗ ನನಗೆ ತಮ್ಮನೇ; ತಮ್ಮನಿಗೆ ಬೆಸುಗೆ ಬರುತ್ತದೆ, ಹೊಲಿಗೆ ಬರುವುದಿಲ್ಲ. ಚಾಸಿ ಅಗಲ ಒಂದು ಬೆರಳು ಹೆಚ್ಚಿದ್ದುದರಿಂದ ಅಂಚು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಬಣ್ಣವೂ ಆಯಿತು. ಅವನು ಮೊದಲು ಕೆನೆಬಣ್ಣ ಹೊಡೆಯಬೇಕು ಎಂದುಕೊಂಡಿದ್ದನಂತೆ. "ಅವರು ಆಗಲೇ ಹಸಿರು ಅಂದಾಯ್ತಲ್ಲ ಅಕ್ಕ, ಇನ್ನು ಬೇರೆ ಹೊಡೆಯೋಕೆ ಬರುತ್ತಾ?" ಎಂದ. ನಮ್ಮಲ್ಲಿ ಮಿಕ್ಕಿದ್ದ ಡಬ್ಬಿಗಳನ್ನು ಕೊಟ್ಟೆ. ಇವರಿಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆದರು. ಮೂಗು ಕೆಂಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಏಪ್ರಿಲ್ 12

ಓಡಿಸುವವರು ಯಾರು ಎಂದು ಇವತ್ತು ಪಂಚಾಯಿತಿ. ಕಾರು ತಮ್ಮನದು, ಓಡಿಸಬೇಕಾದವನು ಅವನೇ. ನಾನು ಹಾಗೇ ಹೇಳಿದೆ, ಮನಸ್ಸಿನಿಂದಲೇ ಹೇಳಿದೆ. ಅಪ್ಪ ನಡುವೆ ಬಾಯಿ ಹಾಕಿದ.

"ಅವಳು ಓಡಿಸ್ಲಿ."

"ನಾನಾ? ನಾನು ವ್ಯಾನ್ ಓಡಿಸೋಳು!"

"ಪಕ್ಕದಲ್ಲಿ ಕೂತು ಬೈಯೋಕೆ ನನಗೆ ನೀನೇ ಆಗಬೇಕು. ಪರರ ಮಕ್ಕಳನ್ನ ಬೈದ್ರೆ ಚೆನ್ನಾಗಿರಲ್ಲ."

ತಮ್ಮ ನಕ್ಕು ಕೀಲಿಯನ್ನು ನನ್ನ ಕೈಗೆ ಹಾಕಿದ. ಬೇಡ ಅನ್ನಬೇಕಿತ್ತು. ಕೈ ಮುಚ್ಚಿಕೊಂಡಿತು.

ಏಪ್ರಿಲ್ 14, ಭಾನುವಾರ

ಬಯಲು ತುಂಬ ಜನ. ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು. ಸಂಘದವರು ದಾರಿಯ ಎರಡೂ ಕಡೆ ಬಾವುಟ ನೆಟ್ಟು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಒಂದೊಂದೇ ಕಾರು ಬಿಡುತ್ತಿದ್ದರು. ಆ ತುದಿಗೆ ಹೋಗಿ, ಸುತ್ತು ಹಾಕಿ, ಈ ತುದಿಗೆ ಬರಬೇಕು ಅಷ್ಟೆ. ಅಪ್ಪ ಟೋಪಿ ಕಟ್ಟಿಕೊಂಡು ರಾಜನ ಹಾಗೆ ಕೂತಿದ್ದ. ಎಂಜಿನ್ನು ಸ್ಟಾರ್ಟ್ ಆದಾಗ ತಲೆ ಹಿಂದಕ್ಕೆ ಒರಗಿಸಿ ಕೇಳಿಸಿಕೊಂಡ.

ಬಾವುಟ ಬಿತ್ತು. ಹೊರಟೆವು.

"ಎರಡನೇ ಗೇರು. ಏನು ಎತ್ತಿನ ಗಾಡಿನಾ ಇದು? ಒತ್ತು! ಈಗ ಮೂರು. ಬಲಕ್ಕೆ ಸ್ವಲ್ಪ ಇಳಿಜಾರಿದೆ, ಬಿಗಿಯಾಗಿ ಹಿಡಿ." ಇಳಿಜಾರು ನಿಜವಾಗಿಯೂ ಇತ್ತು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಅವನು ಬೈಯುತ್ತಲೇ ಇದ್ದ, ನಾನು ಹೇಳಿದ ಹಾಗೆ ಮಾಡುತ್ತಲೇ ಇದ್ದೆ. ನಾನು ಜೋರಾಗಿ ನಗುತ್ತಿದ್ದೆ ಎಂದು ಆಮೇಲೆ ಇವರು ಹೇಳಿದರು.

ಆಗ ಅಪ್ಪ ಬಾಗಿಲು ಹಿಡಿದು ಮುಂದಕ್ಕೆ ಬಾಗಿದ. "ಡ್ರಮ್ಮುಗಳು ಬಂದವಾ? ತಯಾರಾಗು. ಗೇರ್ ಇಳಿಸು. ಎಡಕ್ಕೆ! ಈಗ ಎಡಕ್ಕೆ!"

ಎದುರಿಗೆ ಡ್ರಮ್ಮು ಇರಲಿಲ್ಲ. ತಿರುವೂ ಇರಲಿಲ್ಲ. ದಾರಿ ಆ ತುದಿಯವರೆಗೆ ನೇರ ಬಿದ್ದಿತ್ತು, ಎರಡೂ ಕಡೆ ಬಾವುಟ. ಅವನ ಕಾಲದಲ್ಲಿ ಡ್ರಮ್ಮು ಇಟ್ಟು ದಾರಿಯನ್ನು ಇಲ್ಲಿ ಎಡಕ್ಕೆ ಬಾಗಿಸುತ್ತಿದ್ದಿರಬೇಕು, ಈಗ ನೇರ ಮಾಡಿದ್ದಾರೆ. ಎಡಗಡೆ ಪಟ್ಟಿಯ ಆಚೆ ಬರೀ ಬೋಳು ಸಿಮೆಂಟು, ಒಂದು ನರಪಿಳ್ಳೆಯೂ ಇಲ್ಲ. ಹೇಳಬಹುದಿತ್ತು, ಅಪ್ಪ, ಇಲ್ಲಿ ಈಗ ತಿರುವಿಲ್ಲ ಎಂದು. ಅಷ್ಟು ಹೇಳಲು ಹೊತ್ತೂ ಇತ್ತು. ಅವನ ಮೈ ಆಗಲೇ ಎಡಕ್ಕೆ ವಾಲಿತ್ತು.

ಗೇರ್ ಇಳಿಸಿದೆ. ತಿರುಗಿಸಿದೆ.

ಪಟ್ಟಿ ಹರಿದು ಗಿಣಿಯ ಮೂಗಿಗೆ ಸುತ್ತಿಕೊಂಡಿತು. ಯಾರೋ ಸೀಟಿ ಊದಿದರು. "ಬಿಡಬೇಡ, ಬಿಡಬೇಡ, ಹಾಗೇ ಹಿಡಿ" ಎನ್ನುತ್ತ ಅಪ್ಪ ನನ್ನ ಜೊತೆಗೇ ತೂಗಿದ. ಟಯರು ಕಿರ್ರೆಂದು ಕಿರುಚಿತು. ದೊಡ್ಡದೊಂದು ಬಾಗು ಹಾಕಿ, ಖಾಲಿ ಬಯಲನ್ನು ಸುತ್ತಿ, ಆ ತುದಿಯಲ್ಲಿ ಮತ್ತೆ ಬಾವುಟಗಳ ನಡುವೆ ಸೇರಿಕೊಂಡೆ. "ಈಗ ಒತ್ತು!" ಎಂದು ಅಪ್ಪ ತೊಡೆ ತಟ್ಟಿ ಕೂಗಿದ. ಒತ್ತಿದೆ.

ನಿಂತಾಗ ಅಪ್ಪ ಟೋಪಿ ಬಿಚ್ಚಿದ. ಕೂದಲೆಲ್ಲ ಬೆವರು. "ನಾನಾಗಿದ್ರೆ ಇನ್ನೂ ತಡವಾಗಿ ಬ್ರೇಕ್ ಒತ್ತುತ್ತಿದ್ದೆ. ಆದ್ರೂ ಚೆನ್ನಾಗಿ ತಿರುಗಿಸ್ದೆ" ಎಂದ. ಕೈ ತಡಕಾಡಿ ನನ್ನ ಭುಜ ಹುಡುಕಿ ಅಲ್ಲೇ ಇಟ್ಟುಕೊಂಡ.

ಕಾರ್ಯದರ್ಶಿ ಓಡಿಬಂದರು. ಬೆಣ್ಣೆ ಎಲ್ಲ ಕರಗಿಹೋಗಿತ್ತು. "ಏನ್ ಮೇಡಂ ಇದು? ನಿಗದಿ ಮಾಡಿದ ದಾರಿ ಬಿಟ್ರೆ ಓಟ ಲೆಕ್ಕಕ್ಕಿಲ್ಲ, ಹೆಸರು ತೆಗೀಬೇಕಾಗುತ್ತೆ. ಒಂದು ನಂಬರಿಗೋಸ್ಕರ ಅಷ್ಟೆಲ್ಲ ಜಗಳ ಆಡಿ, ಕೊನೆಗೆ ಹೀಗಾ? ಅಲ್ಲಿ ಏನಿತ್ತು ಅಂತ ತಿರುಗಿಸಿದ್ರಿ?"

ಇವರು ನೆಲ ನೋಡಿದರು. ಗಿಣಿಯ ಮೂಗಿಗೆ ಸುತ್ತಿದ್ದ ಪಟ್ಟಿ ಬಿಡಿಸುತ್ತಿದ್ದ ತಮ್ಮ ಹಾಗೇ ನಿಂತ. ಅಪ್ಪನ ಮುಖ ನನ್ನ ಕಡೆಗೆ ತಿರುಗಿತು. ಅದರ ಮೇಲಿನ ನಗು ಇನ್ನೂ ಹಾಗೇ ಇತ್ತು.

"ತೆಗೀರಿ ಸಾರ್" ಎಂದೆ. "ಅಲ್ಲಿ ತಿರುವಿತ್ತು."